ದಾಮೋದರನ ಮನಿಲಾ ಗೊಜ್ಜು

ಪಾತ್ರೆ ತೊಳೆದು ತೊಳೆದು ದಾಮೋದರನ ಬೆರಳುಗಳು ಒಣದ್ರಾಕ್ಷಿಯಂತಾಗಿದ್ದವು. ಮಲೇಷ್ಯಾದ ಸೈಬರ್‌ಜಯಾ ನಗರದ ಸಾಫ್ಟ್‌ವೇರ್ ಕಂಪನಿಯಲ್ಲಿ ಹನ್ನೊಂದು ಜನರ ತಂಡವನ್ನು ಆಳುವ ಮಹಾನುಭಾವ, ಲಾಕ್‌ಡೌನ್ ಶುರುವಾದ ಮೂರನೇ ದಿನಕ್ಕೇ ಪದಚ್ಯುತನಾಗಿ ಸ್ವಂತ ಮನೆಯ ಸಿಂಕಿನ ಮುಂದೆ ನಿಂತಿದ್ದ. ಅಡುಗೆ ತನ್ನದು, ಪಾತ್ರೆ ಗಂಡನದು ಎಂದು ಜಲಜಾ ತೀರ್ಪು ಕೊಟ್ಟಾಗಿತ್ತು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಜೊತೆಗೆ ಅತ್ತೆ ಹೊನ್ನಮ್ಮ ಬೇರೆ. ಮೈಸೂರಿನಿಂದ ಮೂರು ವಾರಕ್ಕೆಂದು ಬಂದವರು, ವಿಮಾನಗಳೆಲ್ಲ ನಿಂತುಹೋಗಿ ಇಲ್ಲೇ ಉಳಿದಿದ್ದರು. ಹಾಗೆಂದು ಅವರಿಂದ ಅವನಿಗೆ ಕಿರಿಕಿರಿಯೇನೂ ಇರಲಿಲ್ಲ. ಏಕೆಂದರೆ ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವರು ಅಳಿಯನೊಂದಿಗೆ ಒಮ್ಮೆಯೂ ನೇರವಾಗಿ ಮಾತಾಡಿದವರಲ್ಲ. ಅಳಿಯನ ಮುಂದೆ ಅತ್ತೆ ಬಾಯಿ ಬಿಡಬಾರದೆಂಬುದು ಅವರ ತವರಿನ ಮರ್ಯಾದೆ. ಹೇಳುವುದೇನಿದ್ದರೂ ಮೊಮ್ಮಗಳು ನವ್ಯಾಳಿಗೆ ಹೇಳುತ್ತಿದ್ದರು. ಅವಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ಅಪ್ಪನಿಗೆ ತಲುಪಿಸುತ್ತಿದ್ದಳು. ಇಂಥ ಅತ್ತೆ ಸಿಗಲು ಪುಣ್ಯ ಮಾಡಿರಬೇಕು ಎಂದು ದಾಮೋದರ ಗೆಳೆಯರ ಮುಂದೆ ಬೀಗುತ್ತಿದ್ದ. ತೊಂದರೆಯಾಗಿದ್ದು ಮೊಟ್ಟೆಗೆ ಮಾತ್ರ. ಅತ್ತೆ ಬಂದಿಳಿದ ದಿನದಿಂದ ಆ ಮನೆಯಲ್ಲಿ ಮೊಟ್ಟೆಯ ಹೆಸರೆತ್ತುವಂತಿರಲಿಲ್ಲ.

ಹೀಗಿರುವಾಗ ಆಫೀಸಿನಲ್ಲಿ ಯಾರಿಗೋ ಒಂದು ಉಪಾಯ ಹೊಳೆಯಿತು. ಮುಂದಿನ ಶುಕ್ರವಾರ ಮಧ್ಯಾಹ್ನ ಎಲ್ಲರೂ ಬೇರೆ ದೇಶದ ಒಂದು ಮನೆಯಡುಗೆಯನ್ನು ಕ್ಯಾಮೆರಾ ಮುಂದೆ ಮಾಡಿ ತೋರಿಸಬೇಕು. ಈ ಮಾತು ಬರುವ ಹಿಂದಿನ ದಿನವಷ್ಟೇ ಅವನ ತಂಡದ ಮನಿಲಾದ ಮಾರಿಸೆಲ್ ವಿಡಿಯೋ ಕರೆಯಲ್ಲಿ ತನ್ನ ಊಟದ ತಟ್ಟೆ ತೋರಿಸಿದ್ದಳು. ಬೆಳ್ಳುಳ್ಳಿ, ಈರುಳ್ಳಿ ಬಾಡಿಸಿ, ಟೊಮ್ಯಾಟೊ ಕರಗುವವರೆಗೆ ಬೇಯಿಸಿ, ಮೊಟ್ಟೆ ಒಡೆದು ಹಾಕಿ ಮೆಲ್ಲಗೆ ತಿರುವಿದರೆ ಮುಗಿಯಿತು. ದಾಮೋದರ ಎಲ್ಲವನ್ನೂ ಬರೆದುಕೊಂಡ. (ಮೀನಿನ ಸಾಸ್ ಎಂದು ಅವಳು ಹೇಳಿದ ಕಡೆ ಕಣ್ಣುಮುಚ್ಚಿಕೊಂಡು ‘ಉಪ್ಪು’ ಎಂದು ಬರೆದ.)

"ಲೇ, ಶುಕ್ರವಾರ ಅಡುಗೆ ನಂದು," ಎಂದು ಘೋಷಿಸಿದ.

"ಹೌದಾ? ಸಾಸಿವೆ ಡಬ್ಬಿ ಎಲ್ಲಿದೆ ಗೊತ್ತಾ ನಿಮಗೆ?"

"ಇದಕ್ಕೆ ಸಾಸಿವೆ ಬೇಡ ಕಣೆ. ಟೊಮ್ಯಾಟೊ, ಈರುಳ್ಳಿ, ಬೆಳ್ಳುಳ್ಳಿ, ಆಮೇಲೆ..." ದನಿ ತಗ್ಗಿಸಿದ. "ಆ ಬಿಳೀ ಸಾಮಾನು."

ಜಲಜಾ ಸೊಂಟದ ಮೇಲೆ ಕೈಯಿಟ್ಟಳು. "ಸರಿ. ‘ಜಲಜಾ, ಅದೆಲ್ಲಿ, ಇದೆಲ್ಲಿ’ ಅಂತ ಒಂದೇ ಒಂದ್ಸಲ ಕೂಗದೆ ಮಾಡಿ ನೋಡೋಣ. ಈ ಲಾಕ್‌ಡೌನ್ ಮುಗಿಯೋವರೆಗೂ ಪಾತ್ರೆ ನಾನು ತೊಳೀತೀನಿ. ಕೂಗಿದ್ರೋ, ಮುಗಿದ ಮೇಲೂ ನೀವೇ!"

ಮನೆಗೊಬ್ಬರೇ ಸಾಮಾನಿಗೆ ಹೋಗಬಹುದಾದ ಕಾಲ. ಮಂಗಳವಾರ ದಾಮೋದರ ಮಾಸ್ಕ್ ಬಿಗಿದು ಹೋಗಿ ಎಲ್ಲವನ್ನೂ ತಂದ. ಹತ್ತು ಮೊಟ್ಟೆಗಳನ್ನು ಅತ್ತೆಯ ಕಣ್ಣಿಗೆ ಬೀಳದಂತೆ ಒಂದು ಅತ್ಯಂತ ಗುಪ್ತ ಜಾಗದಲ್ಲಿ ಬಚ್ಚಿಟ್ಟು, ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡ. ಶುಕ್ರವಾರ ಬಾಲ್ಕನಿಯಲ್ಲಿ ಕರೆಂಟ್ ಒಲೆ, ಮೊಟ್ಟೆಗೆಂದೇ ಬೇರೆ ಎತ್ತಿಟ್ಟಿದ್ದ ಬಾಣಲೆ, ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಎಲ್ಲ ಅಣಿಯಾದವು. ನವ್ಯಾಳ ಮೂಲಕ ಅತ್ತೆಗೆ ಹೇಳಿಸಿದ್ದು, ಟೊಮ್ಯಾಟೊ ಪಲ್ಯ, ಇಲ್ಲಿ ಬೆಳಕು ಚೆನ್ನಾಗಿದೆ ಎಂದು.

ಹೊನ್ನಮ್ಮ ಬಾಲ್ಕನಿಯ ಗಾಜಿನ ಬಾಗಿಲ ಒಳಗಡೆ ಕುರ್ಚಿ ಹಾಕಿಕೊಂಡು ಕೂತರು. ಎಣ್ಣೆ ಕಾಯುವುದೇ ತಡ, ಅವರಿಗೆ ತಡೆಯಲಾಗಲಿಲ್ಲ.

"ನವ್ಯಾ, ಬರೀ ಎಣ್ಣೆಗೆ ಯಾರಾದ್ರೂ ಈರುಳ್ಳಿ ಹಾಕ್ತಾರೇನೇ? ಸಾಸಿವೆ ಸಿಡಿಸಕ್ಕೆ ಹೇಳು ನಿಮ್ಮಪ್ಪಂಗೆ."

ನವ್ಯಾ ಸಾಸಿವೆ ಡಬ್ಬಿ ತಂದಿಟ್ಟಳು. "ಅಪ್ಪಾ, ಅಜ್ಜಿ ಸೆಡ್ ಪುಟ್ ಸಾಸಿವೆ."

ತಂಡದ ಹನ್ನೊಂದು ಮುಖಗಳು ಪರದೆಯಿಂದ ನೋಡುತ್ತಿದ್ದವು. ಅತ್ತೆಯ ಮಾತನ್ನು ತೆಗೆದುಹಾಕುವುದುಂಟೇ? ಅಲ್ಲದೆ ಜಲಜಾಳನ್ನು ಕೂಗದೆಯೇ ಡಬ್ಬಿ ತಾನಾಗಿ ಬಂದಿತ್ತಲ್ಲ! ದಾಮೋದರ ಸಾಸಿವೆ ಹಾಕಿದ. ಹಿಂದೆಯೇ ಕರಿಬೇವು ಬಂತು. ಟೊಮ್ಯಾಟೊ ಕರಗುವಷ್ಟರಲ್ಲಿ ಅರಿಶಿನ, ಸಾರಿನ ಪುಡಿ, ಒಂದು ಉಂಡೆ ಬೆಲ್ಲ.

"ಅಜ್ಜಿ ಸೆಡ್ ಇಂಗು."

"ಹಾಕಿದ್ನಲ್ಲಮ್ಮ!"

"ಒನ್ ಮೋರ್ ಟೈಮ್ ಲಾ, ಅಪ್ಪಾ," ಎಂದು ನವ್ಯಾ ಶಾಲೆಯಲ್ಲಿ ಕಲಿತ ಅಲ್ಲಿನವರ ರಾಗ ಎಳೆದಳು.

ಬಾಣಲೆಯಿಂದೆದ್ದ ಘಮಕ್ಕೆ ಮೇಲಿನ ಮಹಡಿಯ ತಮಿಳು ಮಾಮಿ ಬಗ್ಗಿ ನೋಡಿದರು. ಗೆದ್ದೇಬಿಟ್ಟೆ ಎಂದು ದಾಮೋದರನ ಎದೆ ಉಬ್ಬಿತು. ಸಿಂಕಿನ ಮುಂದೆ ಜಲಜಾ ನಿಂತಿರುವ ದಿವ್ಯದೃಶ್ಯವೂ ಕಣ್ಣಮುಂದೆ ಬಂದುಹೋಯಿತು. ಸೌಟಿನಲ್ಲಿ ಗೊಜ್ಜೆತ್ತಿ ಕ್ಯಾಮೆರಾಗೆ ತೋರಿಸಿದ.

"ದಾಮೋ, ವೇರ್ ಈಸ್ ದಿ ಎಗ್?" ಎಂದಳು ಮಾರಿಸೆಲ್.

ದಾಮೋದರ ಸ್ಟೂಲಿನ ಕೆಳಗೆ ನೋಡಿದ. ಹೂಕುಂಡದ ಹಿಂದೆ ನೋಡಿದ. ವಾಷಿಂಗ್ ಮೆಷಿನ್ನಿನೊಳಗೆ ಕೈಹಾಕಿ ಒಂದು ಕಾಲುಚೀಲ ಹೊರತೆಗೆದ. ಗುಪ್ತ ಜಾಗ ಎಷ್ಟು ಗುಪ್ತವಾಗಿತ್ತೆಂದರೆ, ಮೂರೇ ದಿನದಲ್ಲಿ ಅದು ಬಚ್ಚಿಟ್ಟವನಿಗೂ ಮರೆತುಹೋಗಿತ್ತು. ಇತ್ತ ಗೊಜ್ಜು ತಳ ಹಿಡಿಯತೊಡಗಿತು. ಪರದೆಯಲ್ಲಿ ಯಾರೋ ಕಿಸಕ್ಕೆಂದರು. ಅವನ ಬುದ್ಧಿ ಅಲ್ಲಿಗೆ ಕೈಕೊಟ್ಟಿತು.

"ಜಲಜಾ! ಮೊಟ್ಟೆ ಎಲ್ಲೇ?"

ಕೂಗು ಮನಿಲಾಕ್ಕೂ ಕೇಳಿತು, ಮಾಮಿಗೂ ಕೇಳಿತು. ಕೇಳಬಾರದವರಿಗಂತೂ ಮೊದಲೇ ಕೇಳಿತು. ದಾಮೋದರ ನಾಲಿಗೆ ಕಚ್ಚಿಕೊಂಡು ಮೆಲ್ಲಗೆ ತಿರುಗಿದ. ಹೊನ್ನಮ್ಮ ಎದ್ದು, ಗಾಜಿನ ಬಾಗಿಲು ಸರಿಸಿ, ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅಳಿಯನ ಮುಖ ನೋಡಿ ಬಾಯಿ ತೆರೆದರು.

"ಅಳಿಯಂದ್ರೇ, ಮೊಟ್ಟೆ ನಿಮ್ಮ ಸೈಕಲ್ ಹೆಲ್ಮೆಟ್ಟಲ್ಲಿದೆ. ಬುಧವಾರ ಬಟ್ಟೆ ಒಣಹಾಕೋವಾಗ್ಲೇ ನೋಡ್ದೆ."

"ಅತ್ತೆ... ನಿಮಗೆ ಗೊತ್ತಿತ್ತಾ?"

"ಮತ್ತೆ ಎರಡೆರಡು ಸಲ ಇಂಗು ಯಾಕೆ ಹಾಕಿಸ್ದೆ ಅಂದ್ಕೊಂಡ್ರಿ? ವಾಸನೆ ಮುಚ್ಚೋಕೆ. ನಿಮ್ಮ ಮಾವನವರು ಮೂವತ್ತು ವರ್ಷದಿಂದ ಕಾರ್ ಶೆಡ್ಡಲ್ಲಿ ಆಮ್ಲೆಟ್ ಮಾಡ್ಕೋತಾರೆ. ನಂಗೇನೂ ಗೊತ್ತಿಲ್ಲ ಅಂತ ಅವರೂ ಅಂದ್ಕೊಂಡಿದಾರೆ."

ಮೊಟ್ಟೆ ಬಿತ್ತು. ಅಡುಗೆ ನಿಜಕ್ಕೂ ರುಚಿಯಾಗಿತ್ತು. ಜಲಜಾ, ನವ್ಯಾ ಎರಡೆರಡು ಸಲ ಅನ್ನಕ್ಕೆ ಕಲಸಿಕೊಂಡರು. ಮಾರಿಸೆಲ್ ಮಾತ್ರ ಇದು ಯಾವ ದೇಶದ್ದೆಂದು ವಿನಯದಿಂದ ವಿಚಾರಿಸಿದಳು. ಊಟವಾದ ಮೇಲೆ ಜಲಜಾ ನಸುನಗುತ್ತ ಹೊಸದೊಂದು ಪಾತ್ರೆ ಉಜ್ಜುವ ನಾರು ತಂದು ಗಂಡನ ಅಂಗೈಯಲ್ಲಿಟ್ಟಳು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಒಮ್ಮೆ ತೆರೆದ ಅತ್ತೆಯ ಬಾಯಿ ಮತ್ತೆ ಮುಚ್ಚಲಿಲ್ಲ. ಕುರ್ಚಿ ಈಗ ಸಿಂಕಿನ ಪಕ್ಕಕ್ಕೆ ಬಂದಿತ್ತು.

"ಅಳಿಯಂದ್ರೇ, ಬಾಣಲೆ ತಳ ಇನ್ನೂ ಕಪ್ಪಗಿದೆ. ಅಳಿಯಂದ್ರೇ, ನಲ್ಲಿ ಸಣ್ಣಗೆ ಬಿಡಿ. ಹದಿನಾಲ್ಕು ವರ್ಷದಿಂದ ಹೇಳಬೇಕು ಅಂತಿದ್ದೆ, ಆ ಮೀಸೆ ನಿಮಗೆ ಒಪ್ಪಲ್ಲ."

ದಾಮೋದರ ದೀನನಾಗಿ ಮಗಳತ್ತ ನೋಡಿದ. "ನವ್ಯಾ, ಉಜ್ತಾ ಇದೀನಿ ಅಂತ ನಿಮ್ಮಜ್ಜಿಗೆ ಹೇಳಮ್ಮ."

ನವ್ಯಾ ಫೋನಿನಿಂದ ತಲೆಯೆತ್ತಲಿಲ್ಲ. "ಟೆಲ್ ಹರ್ ಡೈರೆಕ್ಟ್ ಲಾ, ಅಪ್ಪಾ. ಮೈ ಜಾಬ್ ಈಸ್ ಓವರ್."