ಬೋಣಿಯಾಗದೆ ಲಾಗ್ ಔಟ್ ಇಲ್ಲ

ಕಂಪ್ಯೂಟರು ಸುಳ್ಳು ಹೇಳುವುದಿಲ್ಲ, ಆದರೆ ನಿಜವನ್ನೂ ಪೂರ್ತಿ ಹೇಳುವುದಿಲ್ಲ. ಅದು ನುಂಗಿದ ಅರ್ಧ ನಿಜವನ್ನು ಹುಡುಕಲು ಹೋದಾಗಲೆಲ್ಲ ನನಗೆ ಒಂದಲ್ಲ ಒಂದು ಆಘಾತ ಕಾದಿರುತ್ತದೆ.

ನಾನು ಡೊಂಬಿವಲಿಯಲ್ಲಿ ನೆಲೆಸಿದ ವಿಜಯಪುರ ಕಡೆಯವನು. ಹಳೆಯ ಕಂಪನಿ ಮುಚ್ಚಿದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ಎಲೆಕ್ಟ್ರಾನಿಕ್ ತಕ್ಕಡಿ ಮಾರುವ ಕಂಪನಿಯೊಂದಕ್ಕೆ ರಿಪೇರಿಯವನಾಗಿ ಸೇರಿದೆ. ತಕ್ಕಡಿಯಿಂದ ಒಂದು ವೈರು ಲಿನಕ್ಸ್ ಕಂಪ್ಯೂಟರಿಗೆ ಹೋಗುತ್ತದೆ. ಟರ್ಮಿನಲ್ ಎಂಬ ಕಪ್ಪು ಕಿಟಕಿ ತೆರೆದರೆ ತೂಕ ಅದರಲ್ಲಿ ಬರಬೇಕು. ಬರದಿದ್ದರೆ ಒಂದು ಸಾಲು ಎರರ್ ಬರುತ್ತದೆ, ಹಿಂದೆಯೇ ನನಗೆ ಫೋನ್ ಬರುತ್ತದೆ. ಉಡುಪಿ ಕಡೆಯವರಾದ ನಮ್ಮ ಸಾಹೇಬರು ಮೊದಲ ದಿನವೇ ಹೇಳಿದ್ದರು: "ಮೂರು ತಿಂಗಳು ಟ್ರಯಲ್. ಒಬ್ಬನೇ ಗಿರಾಕಿ ಎರಡು ಸಲ ಕಂಪ್ಲೇಂಟ್ ಕೊಟ್ರೆ ನೀವು ಕಾಯಂ ಆಗುದಿಲ್ಲ, ನೋಡಿ." ಮಗಳ ಕಾಲೇಜು ಇನ್ನೂ ಎರಡು ವರ್ಷ ಬಾಕಿಯಿತ್ತು. ನನಗೆ ಆ ಮಾತು ನಿದ್ದೆಯಲ್ಲೂ ಕೇಳಿಸುತ್ತಿತ್ತು.

೧. ಡಿವೈಸೇ ಇಲ್ಲ

ಆಯುಧ ಪೂಜೆಯ ಮರುದಿನ ಘಣಸೋಲಿಯ ಒಂದು ವೆಜಿಟೇರಿಯನ್ ಹೋಟೆಲಿನಿಂದ ಕರೆ. ಸ್ವೀಟ್ ಕೌಂಟರಿನ ತಕ್ಕಡಿ ಸತ್ತಿದೆಯಂತೆ. ಹೋಗಿ ಟರ್ಮಿನಲ್ ತೆರೆದರೆ 'ಅಂಥ ಡಿವೈಸ್ ಇಲ್ಲ' ಎಂದಿತು. ಕೇಬಲ್ ಬದಲಿಸಿದೆ. ಇಲ್ಲ. ಕಂಪ್ಯೂಟರಿನ ಬೇರೆ ತೂತಿಗೆ ಚುಚ್ಚಿದೆ. ಆಗಲೂ ಇಲ್ಲ. ಕಣ್ಣೆದುರು ಎರಡು ಅಡಿ ಅಗಲದ ತಕ್ಕಡಿ ಕೂತಿದೆ, ಕಂಪ್ಯೂಟರು ಇಲ್ಲವೆನ್ನುತ್ತದೆ.

ಕೊನೆಗೆ ತಕ್ಕಡಿಯಲ್ಲಿ ವೈರು ಚುಚ್ಚುವ ಪೋರ್ಟಿಗೆ ಟಾರ್ಚ್ ಬಿಟ್ಟು ನೋಡಿ ದಂಗಾದೆ. ಒಳಗೆ ಗಂಧ, ಗಂಧದ ಮೇಲೆ ಕುಂಕುಮ, ಕುಂಕುಮದ ಮೇಲೆ ಎರಡು ಅಕ್ಷತೆ ಕಾಳು.

"ಇದರೊಳಗೆ ಯಾಕೆ ಹಾಕಿದ್ರಿ?" ಎಂದು ಮಾಲೀಕರನ್ನು ಕೇಳಿದೆ.

"ಮತ್ತೆಂಥದು ಮಾರಾಯ್ರೇ, ಮಾತಾಡುವ ಬಾಯಿ ಅದೇ ಅಲ್ವಾ? ಹೊರಗೆ ಹಚ್ಚಿದ್ರೆ ಒಳಗೆ ಮುಟ್ಟುದು ಹೇಗೆ?"

ಹಳೆಯ ಟೂತ್ ಬ್ರಶ್ಶಿನಿಂದ ಅರ್ಧ ಗಂಟೆ ಉಜ್ಜಿದೆ. ತೂಕ ಬಂತು. ಮಾಲೀಕರು ಪಕ್ಕದಲ್ಲಿ ಬಗ್ಗಿ ನಿಂತು ಹೇಳಿದರು: "ಪೂರ್ತಿ ತೆಗೀಬೇಡಿ. ಒಂಚೂರು ಪ್ರಸಾದ ಅಂತ ಇರ್ಲಿ."

೨. ಡಿವೈಸ್ ಬ್ಯುಸಿ

ಡೊಂಬಿವಲಿಯ ಒಂದು ಕೆಮಿಕಲ್ ಫ್ಯಾಕ್ಟರಿ. ಡ್ರಮ್ಮು ತೂಗುವ ತಕ್ಕಡಿ. ಗೇಟಿನಲ್ಲಿ ಟ್ರಕ್ಕು, ಟರ್ಮಿನಲ್ಲಿನಲ್ಲಿ 'ಡಿವೈಸ್ ಬ್ಯುಸಿ'. ನೋಡಿದರೆ ಹಿಂದಿನ ಪಾಳಿಯ ಗುಮಾಸ್ತರು ತಮ್ಮ ಟರ್ಮಿನಲ್ ತೆರೆದಿಟ್ಟು, ಸ್ಕ್ರೀನಿಗೆ ಬೀಗ ಹಾಕಿ, ಕಲ್ಯಾಣ್ ಊರಿನ ಮನೆಗೆ ಹೊರಟುಬಿಟ್ಟಿದ್ದಾರೆ. ಒಬ್ಬರು ತೆರೆದಿಟ್ಟರೆ ಇನ್ನೊಬ್ಬರಿಗೆ ಸಿಗದ ಪೋರ್ಟು ಅವರ ಹಿಡಿತದಲ್ಲೇ ಇದೆ. ಫೋನ್ ಮಾಡಿದೆ. ನಮ್ಮ ವಿಜಯಪುರ ಕಡೆಯವರೇ.

"ಮರ್ತು ಬಿಟ್ಟು ಹೋದ್ರೇನ್ರಿ?"

"ಮರ್ತಿಲ್ರೀ, ಬೇಕಂತನ ಬಿಟ್ಟೀನಿ. ಲೋಕಲ್ ಟ್ರೇನಿನ್ಯಾಗ ಸೀಟಿನ ಮ್ಯಾಲ ಕರ್ಚೀಫ್ ಇಡೂದಿಲ್ಲೇನು? ಹಂಗ. ನಾಳೆ ಬಂದಾಗ ನನಗ ಜಾಗಾ ಸಿಗಬೇಕಲ್ಲ."

"ಅಣ್ಣಾರ, ನೀವು ಗಾಡಿ ಇಳಿದು ಮನಿಗೆ ಹೊಂಟೀರಿ."

"ಇಳದ್ರೇನಾತ್ರಿ, ನಾಳೆನೂ ಅದ ಗಾಡಿ ಅಲ್ಲ?"

೩. ಪರ್ಮಿಷನ್ ಇಲ್ಲ

ಟ್ರಯಲ್ ಮುಗಿಯಲು ಎರಡು ದಿನ ಉಳಿದಿತ್ತು. ಕೋಪರಖೈರಣೆಯ ಅಕ್ಕಿ-ಬೇಳೆ ಅಂಗಡಿಯಿಂದ ಬೆಳಿಗ್ಗೆಯೇ ಕರೆ. ಮಾಲೀಕರು ಬಾಗಲಕೋಟೆ ಕಡೆಯ ಕಾಕಾ. ಕಂಪ್ಯೂಟರಿನಲ್ಲಿ ಹೊಸ ಲಾಗಿನ್ ಮಾಡಿಕೊಂಡಿದ್ದರು. ಅದಕ್ಕೆ ಪೋರ್ಟು ಮುಟ್ಟುವ ಹಕ್ಕಿರಲಿಲ್ಲ. ಒಂದು ಕಮಾಂಡ್ ಕೊಟ್ಟು ಹಕ್ಕು ಕೊಟ್ಟೆ. "ಈಗ ಒಮ್ಮೆ ಲಾಗ್ ಔಟ್ ಮಾಡಿ ಮತ್ತ ಒಳಗ ಬಂದ್ರ ಆತು, ಕಾಕಾ."

ಕಾಕಾ ಕೀಬೋರ್ಡಿಗೆ ಎರಡೂ ಕೈ ಅಡ್ಡ ಹಿಡಿದರು. "ಬೋಣಿ ಆಗೂತನಕ ಏನೂ ಬಂದ್ ಮಾಡಂಗಿಲ್ಲ."

"ತಕ್ಕಡಿ ನಡೀದ ಬೋಣಿ ಹ್ಯಾಂಗ ಆಗ್ತದ?"

"ಅದು ನಿಮ್ಮ ಕೆಲಸ."

ಬೋಣಿಯಾಗದೆ ಲಾಗ್ ಔಟ್ ಇಲ್ಲ, ಲಾಗ್ ಔಟ್ ಆಗದೆ ತೂಕವಿಲ್ಲ, ತೂಕವಿಲ್ಲದೆ ಬೋಣಿ ಇಲ್ಲ. ತಲೆ ಕೆಟ್ಟು ಅಂಗಡಿಯ ಮೇಲೆಲ್ಲ ಕಣ್ಣಾಡಿಸಿದೆ. ಮೂಲೆಯಲ್ಲಿ ತೆಂಗಿನಕಾಯಿ ಕಂಡವು. ಅವನ್ನು ಯಾರೂ ತೂಗುವುದಿಲ್ಲ, ಎಣಿಸಿ ಕೊಡುತ್ತಾರೆ. ಜೇಬಿನಿಂದ ದುಡ್ಡು ಕೊಟ್ಟು ಒಂದು ಕೊಂಡೆ. ಕಾಕಾ ನೋಟನ್ನು ಕಣ್ಣಿಗೊತ್ತಿಕೊಂಡು, "ಹಾಂ, ಈಗ ಏನ್ ಬೇಕಾದ್ರೂ ಮಾಡ್ರಿ" ಎಂದರು. ಎರಡೇ ನಿಮಿಷದಲ್ಲಿ ತೂಕ ಬಂತು.

ಮರುದಿನ ಬೆಳಿಗ್ಗೆ ಸಾಹೇಬರ ಫೋನ್. "ಕೋಪರಖೈರಣೆಯಿಂದ ಮತ್ತೆ ಕಂಪ್ಲೇಂಟ್. ಬೇಗ ಹೋಗಿ." ರಿಕ್ಷಾದಲ್ಲಿ ದಾರಿಯುದ್ದಕ್ಕೂ ಮಗಳಿಗೆ ಏನು ಹೇಳಲಿ ಎಂಬುದೇ ಯೋಚನೆ.

ಅಂಗಡಿಯಲ್ಲಿ ತಕ್ಕಡಿ ತಣ್ಣಗೆ ನಡೆಯುತ್ತಿತ್ತು.

"ಕಾಕಾ, ಏನಾಗೇದ ಇದಕ್ಕ?"

"ಅದಕ್ಕೇನಾಗೇದ? ನಿನ್ನೆ ನಿಮ್ಮ ಕೈಲೆ ಬೋಣಿ ಆತು ನೋಡ್ರಿ, ಸಂಜೀತನಕ ಗಿರಾಕಿ ಸಾಲು ಹಚ್ಚಿ ನಿಂತಿದ್ರು. ಕಂಪ್ಲೇಂಟ್ ಅನ್ನದಿದ್ರ ನೀವು ಬರ್ತೀರೇನು? ಒಂದು ಕಾಯಿ ತಗೋರಿ."

ನನಗೆ ಅಳು ಬರುವುದೊಂದು ಬಾಕಿ. ನೌಕರಿಯ ಕಥೆ ಹೇಳಿದೆ. ಪಾಪ, ಕಾಕಾನ ಮುಖವೂ ಸಣ್ಣಗಾಯಿತು. ತಕ್ಷಣ ಸಾಹೇಬರಿಗೆ ಫೋನ್ ಹಚ್ಚಿ ಒಪ್ಪಿಕೊಂಡರು: "ಮಷೀನ್ ಛಲೋ ಐತ್ರಿ, ತಪ್ಪು ನಂದು. ಈ ಮನುಷ್ಯಾನ ಕೈಗುಣ ಭಾಳ ಛಲೋ, ಅದಕ್ಕ ಕರಿಸಿದ್ದೆ." ಆ ಕಡೆ ಸಾಹೇಬರು "ಕೈಗುಣವಾ?" ಎಂದು ಎರಡು ಸಲ ಕೇಳಿದರು. ಆಮೇಲೆ ಫೋನನ್ನು ನನಗೆ ಕೊಡಲು ಹೇಳಿ, "ನಾಳೆ ಆಫೀಸ್ ತೆಗೆಯುವ ಹೊತ್ತಿಗೆ ಬನ್ನಿ" ಎಂದಷ್ಟೇ ಹೇಳಿ ಇಟ್ಟರು.

ಕಥೆ ಮುಗಿಯಿತೆಂದೇ ಮರುದಿನ ಹೋದೆ. ಮೇಜಿನ ಮೇಲೆ ನನ್ನ ಹೆಸರಿನ ಕಾಯಂ ಪತ್ರ, ಸಹಿ ಸಮೇತ. ನಂಬಲಾಗದೆ ಕೈ ಚಾಚಿದೆ. ಸಾಹೇಬರು ಪತ್ರವನ್ನು ಹಿಂದಕ್ಕೆಳೆದುಕೊಂಡು, ಬಾಗಿಲಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ನಿಲ್ಲಿ ಮಾರಾಯ್ರೇ. ಮೊದಲು ಒಂದು ಕೇಬಲ್ ತಗೊಳ್ಳಿ, ದುಡ್ಡು ಕೊಟ್ಟು."