ಗಾಡಿಯ ಹಿಂದಿನ ಟ್ರಾಂಬೋನು

ಆ ಭಾನುವಾರ ಒನೆಸಿಮ್‌ಗೆ ಒದಗಿದ್ದಕ್ಕೆಲ್ಲ ಮೂಲ ಒಂದು ಹೇಸರಗತ್ತೆಯ ಹೊಟ್ಟೆನೋವು. ಅದು ಲೂಷಸ್‌ನ ಬ್ಯಾಂಡಿನ ಗಾಡಿ ಎಳೆಯುವ ಕತ್ತೆ. ಯಾರದೋ ಹಿತ್ತಲಿಗೆ ನುಗ್ಗಿ ಹೊಟ್ಟೆ ಬಿರಿಯುವಷ್ಟು ಹಸಿ ಜೋಳ ಮೇಯ್ದು, ಬೆಳಿಗ್ಗೆ ಕಾಲು ಚಾಚಿ ಮಲಗಿಬಿಟ್ಟಿತ್ತು. ಗಾಡಿ ಹೊಡೆಯುವ ಕೇಲೆಬ್ ತಾತ ಬೈದು ನೋಡಿದ, ಬೆಲ್ಲ ತೋರಿಸಿ ನೋಡಿದ, ಕೊನೆಗೆ ಎಲ್ಲಿಂದಲೋ ಬೇರೊಂದು ಕತ್ತೆಯನ್ನು ಬಾಡಿಗೆಗೆ ಹಿಡಿದು ತಂದ. ಇಷ್ಟು ದಿನ ಅದು ಯಾರ ಗಾಡಿ ಎಳೆಯುತ್ತಿತ್ತು ಎಂದು ಕೇಳುವ ಬುದ್ಧಿ ಯಾರಿಗೂ ಬರಲಿಲ್ಲ.

ಆಗಿನ ನ್ಯೂ ಆರ್ಲಿಯನ್ಸಿನಲ್ಲಿ ಭಾನುವಾರ ಮಧ್ಯಾಹ್ನ ಮನೆಯೊಳಗೆ ಕೂತವನಿಗೆ ಕಾಯಿಲೆ ಎಂದೇ ಲೆಕ್ಕ. ಸಂಜೆ ಯಾವ ಹಾಲ್‌ನಲ್ಲಿ ಕುಣಿತವೋ ಆ ಹಾಲ್‌ನ ಬ್ಯಾಂಡು ಸಾಮಾನು ಸಾಗಿಸುವ ಗಾಡಿಯೊಂದರ ಮೇಲೆ ಹತ್ತಿ ಕೂತು, ಬೀದಿ ಬೀದಿ ಊದಿಕೊಂಡು ಜನರನ್ನು ಕರೆಯುತ್ತಿತ್ತು. ಆ ಸಂಗೀತಕ್ಕೆ ಜಾಝ್ ಎನ್ನುವ ಹೆಸರು ಇನ್ನೂ ಬಿದ್ದಿರಲಿಲ್ಲ. ಇಷ್ಟಪಟ್ಟವರು ಬಿಸಿ ಸಂಗೀತ ಅನ್ನುತ್ತಿದ್ದರು, ಪಡದವರು ಗಲಾಟೆ ಅನ್ನುತ್ತಿದ್ದರು. ಗಾಡಿಯಲ್ಲಿ ಟ್ರಾಂಬೋನ್ ಎಂಬ ಉದ್ದನೆಯ ತುತ್ತೂರಿ ಊದುವವನಿಗೆ ಮಾತ್ರ ಹಿಂದಿನ ಹಲಗೆಯೇ ಗತಿ. ನಡುವೆ ಕೂರಿಸಿದರೆ ಅವನ ಜಾರುಕೊಳವೆ ಒಮ್ಮೆ ಪಿಟೀಲಿನವನ ಬೆನ್ನಿಗೆ ತಿವಿಯುತ್ತದೆ, ಇನ್ನೊಮ್ಮೆ ಕ್ಲಾರಿನೆಟ್ಟಿನವನ ಟೊಪ್ಪಿಗೆ ಬೀಳಿಸುತ್ತದೆ. ಆದ್ದರಿಂದ ಹಿಂದಿನ ಹಲಗೆ ಇಳಿಬಿಟ್ಟು, ಅದರ ಮೇಲೆ ಕಾಲು ನೇತಾಡಿಸಿಕೊಂಡು ಬೀದಿಗೆ ಮುಖ ಮಾಡಿ ಕೂರಬೇಕು.

ಎರಡು ಗಾಡಿ ಮೂಲೆಯಲ್ಲಿ ಎದುರಾದರೆ ಜಗಳವೇ. ಜನ ಓಡಿಬಂದು ಎರಡರ ಹಿಂದಿನ ಗಾಲಿಗಳನ್ನು ಸರಪಣಿ ಹಾಕಿ ಬಿಗಿದುಬಿಡುತ್ತಿದ್ದರು, ಯಾರೂ ಓಡಿಹೋಗಬಾರದು ಅಂತ. ಒಬ್ಬರು ಸೋಲುವ ತನಕ ಬಿಚ್ಚುತ್ತಿರಲಿಲ್ಲ. ಗೆದ್ದವರ ಹಾಲ್ ಸಂಜೆ ಜನರಿಂದ ತುಂಬಿ ತುಳುಕುತ್ತಿತ್ತು. ಸೋತವರ ಹಾಲಿನಲ್ಲಿ ಬಾಗಿಲು ಕಾಯುವವನೂ ಗೆದ್ದವರ ಕಡೆ ಹೋಗಿ ಕುಣಿಯುತ್ತಿದ್ದ.

ಒನೆಸಿಮ್ ಗಾರೆ ಕೆಲಸದವನು. ಅವನು ನುಣುಪು ಮಾಡಿದ ಗೋಡೆಯ ಮೇಲೆ ನೊಣ ಕೂತರೂ ಜಾರುತ್ತದೆ ಎಂದು ಊರಲ್ಲಿ ಮಾತಿತ್ತು. ಟ್ರಾಂಬೋನಿನ ವಿಷಯದಲ್ಲಿ ಅಂಥ ಮಾತೇನೂ ಇರಲಿಲ್ಲ. ಬರೆದದ್ದನ್ನು ಬರೆದ ಹಾಗೆ ಊದುತ್ತಿದ್ದ, ಯಾರಿಗೂ ತೊಂದರೆ ಕೊಡುತ್ತಿರಲಿಲ್ಲ. ಲೂಷಸ್ ಅವನನ್ನು ಇಟ್ಟುಕೊಂಡಿದ್ದು ಬೇರೆ ಟ್ರಾಂಬೋನಿನವರು ಸಿಗದೆ.

ಅವನ ಪ್ರಾಣವೆಲ್ಲ ಓದಿಲ್‌ಳ ಮೇಲಿತ್ತು. ಓದಿಲ್, ಊರನ್ನು ಎರಡು ಪಾಲು ಮಾಡುವ ಕೆನಾಲ್ ಬೀದಿಯ ಆಚೆ, ಫ್ರೆಂಚ್ ಮಾತಾಡುವ ಕೆಳಗಿನವರ ಕಡೆಯವಳು, ಚುಟ್ಟದ ಅಂಗಡಿಯ ಫ್ಲೋರೆಸ್ತಾನ್ ಸಾಹೇಬರ ಕಿರಿಮಗಳು. ಸಾಹೇಬರೆಂದರೆ ಬಿಸಿಲು ಎಷ್ಟೇ ಇದ್ದರೂ ಕಾಲರಿನ ಗುಂಡಿ ಬಿಚ್ಚದ ಮನುಷ್ಯ, ಕೋಪ ಬಂದರೆ ಫ್ರೆಂಚಿನಲ್ಲಿ ಸುಮ್ಮನಿರುವವರು. ನಿಜಸ್ನೇಹಿತರ ಸಂಘಕ್ಕೆ ಅವರೇ ಅಧ್ಯಕ್ಷರು. ಆ ಸಂಘದ ಹಾಲಿನಲ್ಲೂ ಅವತ್ತು ಸಂಜೆ ಕುಣಿತ, ಅವರದ್ದೂ ಒಂದು ಗಾಡಿ ಹೊರಡುವುದಿತ್ತು. ಅವರ ಬ್ಯಾಂಡಿನವರು ಕಾಗದ ನೋಡಿಯೇ ನುಡಿಸುವವರು. ಕಾಗದ ಗಾಳಿಗೆ ಹಾರಿಹೋದರೆ ಸಂಗೀತವೂ ಹೋಯಿತು.

ಒನೆಸಿಮ್ ಎರಡು ವರ್ಷ ಅವರ ಮನೆಯ ಜಗಲಿಯಲ್ಲಿ ಓದಿಲ್‌ಳ ತಾಯಿಯ ಕಣ್ಣೆದುರು ಬೆನ್ನು ನೆಟ್ಟಗೆ ಮಾಡಿ ಕೂತು ಬಂದಿದ್ದ. ಈಗ ಸಾಹೇಬರೇ ಊಟಕ್ಕೆ ಬರಹೇಳಿದ್ದರು. ಅವತ್ತು, ಗಾಡಿ ಸುತ್ತಿ ಬಂದ ಮೇಲೆ, ಕುಣಿತಕ್ಕೆ ಮೊದಲು. ಊಟದಲ್ಲಿ ಮಾತು ಕೊಡುತ್ತಾರೆ ಎಂದು ಓದಿಲ್ ಬೆಳಿಗ್ಗೆ ಇಗರ್ಜಿಯ ಮೆಟ್ಟಿಲ ಮೇಲೆ ಪಿಸುಗುಟ್ಟಿದ್ದಳು.

"ಅಪ್ಪ ಗಾಡಿ ಮೇಲೆ ಕುರ್ಚಿ ಹಾಕ್ಕೊಂಡು ತಾವೇ ಕೂರ್ತಾರೆ. ಇವತ್ತೊಂದು ದಿನ ಅವರ ಕಣ್ಣಿಗೆ ಬೀಳಬೇಡ, ನಿನ್ನ ದಮ್ಮಯ್ಯ" ಅಂದಳು.

ಒನೆಸಿಮ್ ನೆಟ್ಟಗೆ ಲೂಷಸ್‌ನ ಹತ್ತಿರ ಹೋಗಿ ಹೊಟ್ಟೆನೋವು, ಇವತ್ತು ಬರಲಾಗುವುದಿಲ್ಲ ಅಂದ. ಲೂಷಸ್ ಕಾರ್ನೆಟ್ ಎಂಬ ತನ್ನ ಗಿಡ್ಡ ತುತ್ತೂರಿ ಒರೆಸುತ್ತ ಕೂತಿದ್ದ. ಆಳು ಬಾಗಿಲಷ್ಟು ಅಗಲ, ಕಾರ್ನೆಟ್ ಊದಿದರೆ ನದಿಯ ಆಚೆ ದಡದ ಆಲ್ಜಿಯರ್ಸ್ ಕೇರಿಯ ನಾಯಿಗಳು ಬೊಗಳುತ್ತಿದ್ದವು.

"ಕತ್ತೆಗೂ ಹೊಟ್ಟೆನೋವು, ನಿನಗೂ ಹೊಟ್ಟೆನೋವು. ಕತ್ತೆಗಾದ್ರೆ ಬದಲಿ ಸಿಕ್ತು" ಅಂದ.

ಅಷ್ಟರಲ್ಲಿ ಬುಟ್ಟಿ ಹೊತ್ತು ಜೆಲ್ಮಿರಾ ಅತ್ತೆ ಬಂದಳು. ಬೀದಿಯಲ್ಲಿ ಕಾಲಾ ಮಾರುವವಳು. ಕಾಲಾ ಅಂದರೆ ಅನ್ನದ ಸಿಹಿ ಬೋಂಡ. ಊರಿಗೆಲ್ಲ ಅತ್ತೆ, ಯಾರ ಮನೆಯ ಯಾವ ಸುದ್ದಿಯೂ ಅವಳ ಬುಟ್ಟಿ ಹತ್ತದೆ ಮುಂದೆ ಹೋಗುತ್ತಿರಲಿಲ್ಲ. ಹೊಟ್ಟೆನೋವಿನ ಮಾತು ಕೇಳಿ ಅವಳಿಗೆ ಅವಮಾನವಾಯಿತು. ಬೆಳಿಗ್ಗೆ ಇವನು ತಿಂದದ್ದು ತನ್ನ ಬೋಂಡವನ್ನೇ, ಅದೂ ತಟ್ಟೆ ತುಂಬ, ಮೇಲೆ ಸಕ್ಕರೆ ಕೇಳಿ ಹಾಕಿಸಿಕೊಂಡು. ತನ್ನ ಬೋಂಡ ತಿಂದು ಹೊಟ್ಟೆ ಕೆಟ್ಟ ನರಮನುಷ್ಯ ಈ ಊರಲ್ಲಿ ಹುಟ್ಟಿಲ್ಲ ಎಂದು ಅವಳು ಬೀದಿಯ ನಡುವೆ ನಿಂತು ಸಾರಿದಳು. ಒನೆಸಿಮ್ ತೆಪ್ಪಗೆ ಗಾಡಿ ಹತ್ತಿದ.

ಹತ್ತಿ ಕೂತ ಮೇಲೆ ಅವನು ತನಗೆ ತಾನೇ ಧೈರ್ಯ ಹೇಳಿಕೊಂಡ. ಲೂಷಸ್‌ನ ಗಾಡಿ ಎಂದೂ ಕೆನಾಲ್ ಬೀದಿ ದಾಟಿದ್ದಿಲ್ಲ. ಸಾಹೇಬರ ಗಾಡಿ ಆ ಕಡೆ, ತಾನು ಈ ಕಡೆ. ಎರಡು ಬೀದಿ ಸುತ್ತುವಷ್ಟರಲ್ಲಿ ಅವನ ಮೈಯ ಬಿಗಿ ಸಡಿಲಿತು. ಸಂಜೆಯ ಊಟಕ್ಕೆ ಏಡಿಯ ಗಂಬೋ ಸಾರು ಇರುತ್ತದೋ ಕೋಳಿಯದೋ ಎಂದು ಯೋಚಿಸತೊಡಗಿದ.

ಕತ್ತೆ ಎಡಕ್ಕೆ ತಿರುಗಿತು. ಕೇಲೆಬ್ ತಾತ ಬಲಕ್ಕೆ ಎಳೆದ. ಕತ್ತೆ ಕತ್ತು ಬಲಕ್ಕೆ ಕೊಟ್ಟು ಕಾಲು ಎಡಕ್ಕೇ ಹಾಕಿತು. ಅದಕ್ಕೆ ಗೊತ್ತಿದ್ದದ್ದು ಒಂದೇ ದಾರಿ. ಹೋದ ಭಾನುವಾರದವರೆಗೂ ಅದು ನಿಜಸ್ನೇಹಿತರ ಸಂಘದ ಗಾಡಿಯನ್ನೇ ಎಳೆದಿತ್ತು. ಈ ಸಲ ಸಾಹೇಬರು ಗತ್ತಿಗೆ ಜೋಡಿ ಕುದುರೆ ಕಟ್ಟಿಸಿದ್ದರಿಂದ ಬಿಡುವಾಗಿತ್ತು. ತಾತ ಬೈದ, ಹಗ್ಗ ಜಗ್ಗಿದ, ಇಳಿದು ಮೂಗು ಹಿಡಿದು ಮಾತಾಡಿದ. ಕತ್ತೆ ಕೆನಾಲ್ ಬೀದಿ ದಾಟಿತು.

ಇಳಿದು ಓಡಿಬಿಡಲು ಒನೆಸಿಮ್ ಒಂದು ಕಾಲು ಕೆಳಗಿಟ್ಟದ್ದೂ ಉಂಟು. ಲೂಷಸ್ ಕಾಲರು ಹಿಡಿದು ಮತ್ತೆ ಕೂರಿಸಿದ. ಕೆಳಗಿನವರ ಬೀದಿಗೇ ನುಗ್ಗಿ ಊದುವ ಯೋಗ ಕತ್ತೆಯಿಂದ ಬಂದರೇನು, ದೇವರಿಂದ ಬಂದರೇನು ಎಂದು ಅವನಿಗೆ ಹುರುಪು ಹತ್ತಿತ್ತು. ಕತ್ತೆ ಒಂದು ಮೂಲೆಗೆ ಬಂದು, ಯಾರದೋ ಬೇಲಿಯ ಹತ್ತಿರ ನಿಂತು, ಇನ್ನು ಕದಲುವುದಿಲ್ಲ ಅಂದಿತು. ಎದುರು ಬೀದಿಯಿಂದ ಜೋಡಿ ಕುದುರೆಯ ಗಾಡಿ ಬಂತು.

ಜನ ಎಲ್ಲಿಂದ ಬಂದರೋ. ಸರಪಣಿ ಬಿತ್ತು. ಹಿಂದಿನ ಗಾಲಿಗೆ ಹಿಂದಿನ ಗಾಲಿ ಬಿಗಿದಾಗ, ಸಾಹೇಬರ ಗಾಡಿಯ ಹಿಂಭಾಗದಲ್ಲಿ ಕುರ್ಚಿ ಹಾಕಿ, ಎದೆಗೆ ನೀಲಿ ಪಟ್ಟಿ ಕಟ್ಟಿ ಕೂತಿದ್ದ ಫ್ಲೋರೆಸ್ತಾನ್ ಸಾಹೇಬರ ಮಂಡಿಗೂ ಒನೆಸಿಮ್‌ನ ಟ್ರಾಂಬೋನಿಗೂ ನಡುವೆ ಒಂದು ಟೊಪ್ಪಿಗೆಯ ಜಾಗ ಉಳಿಯಿತು. ಒನೆಸಿಮ್ ತನ್ನ ಟೊಪ್ಪಿಗೆ ತೆಗೆದ. ಸಾಹೇಬರು ತಲೆಯಾಡಿಸಿದರು.

"ಅವರಿಬ್ಬರೂ ಯಾರು ಗೊತ್ತೇನ್ರೋ? ಮಾವ ಅಳಿಯ ಆಗೋರು!" ಎಂದು ಜೆಲ್ಮಿರಾ ಅತ್ತೆ ಕೂಗಿದಳು. ಬುಟ್ಟಿ ಸಮೇತ ಅವಳು ಗಾಡಿಯ ಹಿಂದೆಯೇ ನಡೆದುಬಂದಿದ್ದಳು. ಅಲ್ಲಿಂದಾಚೆ ಜನರಿಗೆ ಸಂಗೀತದ ಜೊತೆ ಸಂಸಾರವೂ ಸಿಕ್ಕಿತು. ಅಳಿಯ ಸೋಲಬೇಕು, ಅದು ಮರ್ಯಾದೆ ಎಂದು ಅರ್ಧ ಜನ, ಈಗಲೇ ಸೋತರೆ ಜನ್ಮವಿಡೀ ಸೋಲಬೇಕಾಗುತ್ತದೆ ಎಂದು ಇನ್ನರ್ಧ ಜನ. ಓದಿಲ್ ಮೂಲೆಯ ಅಂಗಡಿಯ ಮುಂದೆ ಗೆಳತಿಯರ ನಡುವೆ ನಿಂತಿದ್ದಳು. ಅವಳ ಮುಖ ಬಿಳಿಚಿತ್ತು.

ಸಂಘದವರು ಮೊದಲು ನುಡಿಸಿದರು. ಇಸ್ತ್ರಿ ಮಾಡಿದ ಹಾಗೆ ನುಡಿಸಿದರು. ಜನ ಚಪ್ಪಾಳೆ ತಟ್ಟಿದರು. ಲೂಷಸ್ ಎದ್ದು ನಿಂತು ಕಾರ್ನೆಟ್ ತುಟಿಗಿಟ್ಟ.

ಆಗ ಒನೆಸಿಮ್ ನಿರ್ಧಾರ ಮಾಡಿದ. ಈ ಗಾಡಿ ಸೋಲಲೇಬೇಕು. ಸೋತರೆ ಸಾಹೇಬರ ಮುಖ ಅರಳುತ್ತದೆ, ಊಟ, ಮಾತು, ಓದಿಲ್. ಗೆದ್ದರೆ ಎಲ್ಲಾ ಮಣ್ಣು. ಲೂಷಸ್‌ನ ಊದು ಕೆಡಿಸುವುದು ಸುಲಭದ ಕೆಲಸವಲ್ಲ, ಆದರೆ ಎರಡು ವರ್ಷ ಜಗಲಿಯಲ್ಲಿ ಕೂತವನಿಗೆ ಯಾವುದು ಕಷ್ಟ?

ಅವನು ಮೊದಲು ತಡವಾಗಿ ಸೇರಿಕೊಂಡ. ಆಮೇಲೆ ಕೊಳವೆಯನ್ನು ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸದೆ, ಒಂದು ಸ್ವರದಿಂದ ಇನ್ನೊಂದಕ್ಕೆ ಬಾಳೆಹಣ್ಣಿನ ಸಿಪ್ಪೆ ಮೆಟ್ಟಿದವನ ಹಾಗೆ ಜಾರಿದ. ಲೂಷಸ್ ಎಲ್ಲಿ ಸಿಹಿಯಾಗಿ ಎಳೆದನೋ ಅಲ್ಲಿ ಇವನು ಕೆಳಗಿನಿಂದ ಗುರ್ ಅಂದ. ಲೂಷಸ್ ತಿರುಗಿ ನೋಡಿದ ನೋಟದಲ್ಲಿ ಕೊಲೆಯಿತ್ತು. ಜನ ಸುಮ್ಮನಾದರು. ಒನೆಸಿಮ್‌ಗೆ ಸಮಾಧಾನವಾಯಿತು, ಇನ್ನಷ್ಟು ಕೆಡಿಸಿದ.

ಮುಂದಿನ ಸಾಲಿನ ಮುದುಕಿಯೊಬ್ಬಳು ಮಡಚಿಟ್ಟಿದ್ದ ಕೊಡೆ ಬಿಚ್ಚಿದಳು. ಮಳೆಯಿರಲಿಲ್ಲ. ಕೊಡೆ ಎತ್ತಿಹಿಡಿದು ಒಂದು ಸುತ್ತು ತಿರುಗಿದಳು. ಅವಳ ಹಿಂದೆ ಇನ್ನೊಬ್ಬ, ಅವನ ಹಿಂದೆ ಬೀದಿಗೆ ಬೀದಿಯೇ. ಒನೆಸಿಮ್ ಗಾಬರಿಯಾಗಿ ಕತ್ತೆಯ ಹಾಗೆ ಅರಚಿದ. ಬಾಡಿಗೆ ಕತ್ತೆ ಮುಂದಿನಿಂದ ಉತ್ತರ ಕೊಟ್ಟಿತು. ಅದನ್ನು ಮುಚ್ಚಿಹಾಕಲು ಅವನು ಇನ್ನೂ ಜೋರಾಗಿ ಊದಿದ, ಅದಕ್ಕೂ ಉತ್ತರ ಬಂತು. ಜೆಲ್ಮಿರಾ ಅತ್ತೆ ಬುಟ್ಟಿ ತಲೆಯ ಮೇಲಿಟ್ಟೇ ಕುಣಿಯತೊಡಗಿ, ಬೋಂಡಗಳು ನಾಲ್ಕು ದಿಕ್ಕಿಗೂ ಹಂಚಿಹೋದವು. ಸಂಘದ ಕ್ಲಾರಿನೆಟ್ಟಿನವನು ಕಾಗದ ಕೆಳಗಿಟ್ಟು ಬಾಯಿ ತೆರೆದು ಕೇಳಿದ. ಅವರ ಡೋಲಿನವನಂತೂ ತಾನು ಯಾವ ಗಾಡಿಯವನು ಎನ್ನುವುದನ್ನೇ ಮರೆತು ಒನೆಸಿಮ್‌ಗೆ ತಾಳ ಕೊಟ್ಟ.

ಎಷ್ಟು ಕೆಡಿಸಿದರೆ ಅಷ್ಟು ಗೆಲ್ಲುತ್ತಿದ್ದ ಪಾಪ. ನಿಲ್ಲಿಸೋಣವೆಂದರೆ ತುಟಿ ನಿಲ್ಲಲಿಲ್ಲ. ಲೂಷಸ್‌ನ ಕಣ್ಣಲ್ಲಿ ಖುಷಿಗೆ ನೀರು ಬಂದಿತ್ತು. ಕಡೆಗೆ ಜನರೇ ಸರಪಣಿ ಬಿಚ್ಚಿ, ಸಂಜೆ ಎಲ್ಲರೂ ಲೂಷಸ್‌ನ ಹಾಲಿಗೇ ಎಂದು ಕೂಗಿಕೊಂಡು ಒನೆಸಿಮ್‌ನನ್ನು ಗಾಡಿಯಿಂದ ಇಳಿಸಿ, ಬೆನ್ನು ಕೆಂಪಾಗುವ ತನಕ ತಟ್ಟಿದರು.

ಜನ ಪಕ್ಕಕ್ಕೆ ಸರಿದಾಗ ಫ್ಲೋರೆಸ್ತಾನ್ ಸಾಹೇಬರು ಎದುರಿಗೆ ನಿಂತಿದ್ದರು. ಕೋಪದ ಸುಳಿವೇ ಇರಲಿಲ್ಲ. ಒನೆಸಿಮ್‌ನ ಹೆಗಲ ಮೇಲೆ ಕೈಯಿಟ್ಟು, ಸೋಲು ಗೆಲುವು ಇದ್ದದ್ದೇ, ಹಾಲ್ ಇವತ್ತು ಖಾಲಿಯಾದರೆ ನಾಳೆ ತುಂಬುತ್ತದೆ ಅಂದರು. ಒಪೆರಾದಲ್ಲಿ ಅವರು ದೊಡ್ಡ ದೊಡ್ಡವರನ್ನು ಕೇಳಿದ್ದರಂತೆ, ಇಂಥದ್ದು ಕೇಳಿರಲಿಲ್ಲವಂತೆ. ಕುರ್ಚಿಯಲ್ಲಿ ಕೂತಲ್ಲೇ ತಮ್ಮ ಕಾಲು ಅಲ್ಲಾಡಿತಂತೆ. ಒನೆಸಿಮ್‌ಗೆ ಹೋದ ಜೀವ ಬಂತು. ಗಂಬೋದ ವಾಸನೆ ಮೂಗಿಗೆ ಬಡಿದ ಹಾಗಾಯಿತು.

"ಅದಕ್ಕೇ ಮಗೂ, ಓದಿಲ್‌ನ ನಿನಗೆ ಕೊಡೋಕಾಗಲ್ಲ" ಅಂದರು ಸಾಹೇಬರು.

ಒನೆಸಿಮ್ ಟ್ರಾಂಬೋನನ್ನು ಗಾಡಿಯ ಹಲಗೆಗೆ ಒರಗಿಸಿದ.

"ನನ್ನ ದೊಡ್ಡ ಮಗಳನ್ನ ಕಾರ್ನೆಟ್ಟಿನವನಿಗೆ ಕೊಟ್ಟೆ. ಚೆನ್ನಾಗಿ ಊದ್ತಿದ್ದ. ಊದ್ತಾ ಊದ್ತಾ ರೈಲು ಹತ್ತಿದ. ಈಗ ಎಲ್ಲಿದ್ದಾನೋ ಅವನಿಗೇ ಗೊತ್ತಿಲ್ಲ, ಅವಳು ನಮ್ಮನೇಲಿ ಕೂತು ದಾರಿ ನೋಡ್ತಿದ್ದಾಳೆ. ನಿನ್ನ ಬಗ್ಗೇನೂ ಜನ ಹೇಳಿದ್ರು, ಅವನೂ ಬ್ಯಾಂಡಿನವನು ಅಂತ. ನಾನೇ ಒಂದಿನ ಲೂಷಸ್‌ನ ಹಾಲಿಗೆ ಬಂದು ಹಿಂದೆ ನಿಂತು ಕೇಳ್ದೆ. ಮನೆಗೆ ಹೋಗಿ ಓದಿಲ್‌ಳ ತಾಯಿಗೆ ಹೇಳ್ದೆ, ಏನೂ ಭಯ ಇಲ್ಲ ಕಣೇ, ಹುಡುಗ ಗಾರೆಯವನೇ ಅಂತ." ಸಾಹೇಬರು ನಿಟ್ಟುಸಿರಿಟ್ಟರು. "ಇವತ್ತು ಗೊತ್ತಾಯ್ತು."

ಒನೆಸಿಮ್ ಅವರ ತೋಳು ಹಿಡಿದುಕೊಂಡ. "ಯಜಮಾನ್ರೇ, ಇಗರ್ಜಿ ಮೇಲೆ ಆಣೆ. ನಾನು ಬೇಕೂಂತಲೇ ಕೆಟ್ಟದಾಗಿ ಊದಿದ್ದು. ನಮ್ಮ ಗಾಡಿ ಸೋತು ನಿಮ್ಮದು ಗೆಲ್ಲಲಿ ಅಂತ."

ಸಾಹೇಬರು ಅವನನ್ನು ಕನಿಕರದಿಂದ ನೋಡಿದರು. "ಸೋಲಬೇಕೂಂತ ಕೂತು ಹಿಂಗೆ ಊದೋನು ನೀನು. ಗೆಲ್ಲಬೇಕೂಂತ ಕೂತ ದಿನ ನನ್ನ ಮಗಳ ಗತಿ ಏನಪ್ಪಾ?"

ತನ್ನ ನಿಜವಾದ ಊದು ಯಾವುದೆಂದು ತೋರಿಸಿಬಿಡುತ್ತೇನೆ ಎಂದು ಒನೆಸಿಮ್ ಟ್ರಾಂಬೋನು ಎತ್ತಿಕೊಂಡ. ಸಂಘದವರ ಕಾಗದವೊಂದನ್ನು ಕೆಳಗಿನಿಂದ ಹೆಕ್ಕಿ, ಪಕ್ಕದಲ್ಲಿದ್ದ ಹುಡುಗನೊಬ್ಬನ ಕೈಲಿ ಎದುರಿಗೆ ಹಿಡಿಸಿ, ತಾನು ದಿನವೂ ಊದುತ್ತಿದ್ದ ಹಾಗೆ, ಬರೆದದ್ದನ್ನು ಬರೆದ ಹಾಗೆ, ಪ್ರಾಣ ಒತ್ತೆಯಿಟ್ಟು ಸಪ್ಪೆಯಾಗಿ ಊದಿದ. ಅಷ್ಟು ಶ್ರದ್ಧೆಯಿಂದ ಅವನು ಹಿಂದೆಂದೂ ಊದಿರಲಿಲ್ಲ. ಸಾಹೇಬರ ಮುಖದಲ್ಲಿ ಕ್ಷಣಕಾಲ ಆಸೆ ಮೂಡಿತು.

ಜನರಲ್ಲಿ ಒಬ್ಬ ಕಿಸಕ್ಕೆಂದ. ಆಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡರು. ಸಂಘದವರನ್ನು ಎಷ್ಟು ಚೆನ್ನಾಗಿ ಅಣಕಿಸ್ತಾನೆ ನೋಡ್ರೋ, ಕಾಗದ ದಿಟ್ಟಿಸೋ ಭಂಗಿ ನೋಡ್ರೋ ಎಂದು ಬೀದಿಯ ಎರಡೂ ಕಡೆಯಿಂದ ಶಿಳ್ಳೆ ಬಿತ್ತು. ಜೆಲ್ಮಿರಾ ಅತ್ತೆ ನಗುತ್ತ ನಗುತ್ತ ಬುಟ್ಟಿಯ ಮೇಲೆಯೇ ಕೂತುಬಿಟ್ಟಳು. ಇನ್ನೊಂದ್ಸಲ, ಇನ್ನೊಂದ್ಸಲ ಎಂದು ಜನ ಹಟ ಹಿಡಿದರು.

ಸಾಹೇಬರು ಟೊಪ್ಪಿಗೆ ಸರಿಮಾಡಿಕೊಂಡರು. ಅಣಕದ ಮಾತಿಗೆ ಅವರು ಬೇಸರ ಮಾಡಿಕೊಂಡ ಹಾಗೆ ಕಾಣಲಿಲ್ಲ. ದೊಡ್ಡ ಕಲಾವಿದನೊಬ್ಬನ ಹತ್ತಿರ ಮಾತಾಡುವ ವಿನಯದಿಂದ, "ಬುಧವಾರ ನಮ್ಮನೆ ಹಿಂದಿನ ಗೋಡೆಗೆ ಗಾರೆ ಹಾಕೋದಿಕ್ಕೆ ನೀನು ಬರೋದಿತ್ತಲ್ಲ, ಬೇಡ ಬಿಡು. ಬೇರೆಯವರನ್ನ ಕರೀತೀನಿ. ಇಂಥ ಕೈ ಸುಣ್ಣದಲ್ಲಿ ಹಾಳಾಗಬಾರದು" ಅಂದರು.

ಆಮೇಲೆ ಓದಿಲ್‌ಳ ತೋಳು ಹಿಡಿದು ಮನೆಯ ಕಡೆ ನಡೆದರು. ಲೂಷಸ್ ಅಷ್ಟರಲ್ಲಿ ಮುಂದಿನ ಹಾಡು ಎತ್ತಿಕೊಂಡಿದ್ದ. ಓದಿಲ್ ಕರವಸ್ತ್ರ ಕಣ್ಣಿಗೊತ್ತಿಕೊಂಡು ಬಿಕ್ಕುತ್ತಲೇ ಹೋದಳು, ಹಿಂತಿರುಗಿ ಹಿಂತಿರುಗಿ ಒನೆಸಿಮ್‌ನನ್ನು ನೋಡುತ್ತಲೂ ಹೋದಳು. ಅವಳ ಕಾಲು ಮಾತ್ರ ತಾಳ ತಪ್ಪದೆ ಕುಣಿಯುತ್ತ ಹೋಯಿತು.