ತವರು ಎಂಬ ಫೋಲ್ಡರು

ನಾನು ಯಾವುದಕ್ಕಾದರೂ ಮಾಲೀಕನಾಗುತ್ತೇನೆಂದು ಯಾರೂ ಎಣಿಸಿರಲಿಲ್ಲ, ನಾನಂತೂ ಎಣಿಸಿರಲಿಲ್ಲ. ಅಜ್ಜಂಪುರದಲ್ಲಿ ನಾನಿರುವುದು ಬಾಡಿಗೆ ಮನೆ. ಆ ಮನೆಯೊಳಗಿನ ಆಡಳಿತ ನನ್ನ ಹೆಂಡತಿ ಸುಮಿತ್ರಳದು. ಸಹಕಾರ ಸಂಘದ ಕಚೇರಿಯಲ್ಲಿ ನಾನು ಕೂರುವ ಕುರ್ಚಿಯ ಬೆನ್ನಿಗೆ ಸಂಘದ ಹೆಸರನ್ನು ಬಿಳಿ ಬಣ್ಣದಲ್ಲಿ ದಪ್ಪಗೆ ಬರೆದಿದ್ದಾರೆ, ನಾನೆಲ್ಲಿ ಹೊತ್ತುಕೊಂಡು ಹೋಗುತ್ತೇನೋ ಎಂಬ ಹಾಗೆ. ಇಂಥ ನನ್ನನ್ನು ಮೊದಲ ಬಾರಿಗೆ ಮಾಲೀಕ ಎಂದು ಕರೆದದ್ದು ನನ್ನ ಮೊಬೈಲು. ಫೋಲ್ಡರಿನ ಹೆಸರು 'ತವರು'. ಅದರ ಕೆಳಗೆ, 'ಮಾಲೀಕ: ನೀವು.' ಓದಿ ಎದೆ ಸ್ವಲ್ಪ ಉಬ್ಬಿದ್ದು ನಿಜ. ತವರಿಗೆ ಮಾಲೀಕನಾಗುವುದು ಎಂಥ ಫಜೀತಿ ಎಂದು ಆಗ ನನಗೆ ಗೊತ್ತಿರಲಿಲ್ಲ.

ನಮ್ಮ ಅಪ್ಪ ಲಕ್ಕವಳ್ಳಿಯ ಡ್ಯಾಮಿನಲ್ಲಿ ಗೇಟು ಎತ್ತಿಳಿಸುವ ಕೆಲಸದಲ್ಲಿದ್ದರು. ನಾನು, ನನ್ನ ಇಬ್ಬರು ಅಕ್ಕಂದಿರು ಬೆಳೆದದ್ದು ಅಲ್ಲಿಯ ಕ್ವಾರ್ಟರ್ಸಿನಲ್ಲಿ. ಸಾಲಿನ ಮನೆಗಳೆಲ್ಲ ಒಂದೇ ಅಚ್ಚು, ಒಂದೇ ಹಳದಿ ಬಣ್ಣ. ಆಟ ಮುಗಿಸಿ ಬರುವ ಹೊತ್ತಿಗೆ ನಮ್ಮ ಮನೆ ಯಾವುದೆಂದು ತಿಳಿಯುತ್ತಿದ್ದದ್ದು ಅಮ್ಮ ಬಾಗಿಲಲ್ಲಿ ನಿಂತು ಕೂಗುತ್ತಿದ್ದ ಕೂಗಿನಿಂದಲೇ. ಅಪ್ಪ ನಿವೃತ್ತರಾದಾಗ ಮನೆಯ ಬೀಗದಕೈ ಸರ್ಕಾರಕ್ಕೆ ವಾಪಸಾಯಿತು. ಹೀಗಾಗಿ ಅಕ್ಕಂದಿರಿಗೆ ಬೆರಳು ಮಾಡಿ ತೋರಿಸಲು ತವರುಮನೆ ಎಂಬುದೇ ಉಳಿಯಲಿಲ್ಲ. ಅಪ್ಪ ಅಮ್ಮ ಅಜ್ಜಂಪುರಕ್ಕೆ ಬಂದು ನನ್ನ ಜೊತೆ ಇದ್ದರು. ಅಮ್ಮ ಎಲ್ಲಿದ್ದಾಳೋ ಅದೇ ತವರು ಎಂದು ಅಕ್ಕಂದಿರು ತಮ್ಮಷ್ಟಕ್ಕೆ ತಾವೇ ತೀರ್ಮಾನ ಮಾಡಿಕೊಂಡರು.

ದೊಡ್ಡವಳು ಶಾರದಕ್ಕ, ಕಡೂರು ತಾಲ್ಲೂಕಿನ ದೇವನೂರಿನಲ್ಲಿ ತೆಂಗಿನ ತೋಟದವರ ಮನೆಯ ಸೊಸೆ. ಎರಡನೆಯವಳು ವಿಮಲಕ್ಕ, ತರೀಕೆರೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಶಾರದಕ್ಕ ಬರುವುದೆಂದರೆ ಒಂದು ದೊಡ್ಡ ಸಂಭ್ರಮ. ದೇವನೂರಿಂದ ಕಡೂರಿಗೆ ಬಸ್ಸು, ಕಡೂರಿಂದ ರೈಲು, ಕಂಕುಳಲ್ಲಿ ಒಂದು ಚೀಲ ತೆಂಗಿನಕಾಯಿ. 'ತವರಿಗೆ ಬರಿಗೈಲಿ ಬರೋದುಂಟಾ' ಎನ್ನುತ್ತ ಚೀಲ ಇಳಿಸುತ್ತಿದ್ದಳು. ಹೊರಡುವಾಗ ಅಮ್ಮ ಅವಳನ್ನು ಮಣೆಯ ಮೇಲೆ ಕೂರಿಸಿ ಮಡಿಲು ತುಂಬುತ್ತಿದ್ದಳು: ಅಕ್ಕಿ, ಬೆಲ್ಲ, ರವಿಕೆ ಕಣ, ಎರಡು ತೆಂಗಿನಕಾಯಿ. ಆ ಕಾಯಿಗಳು ಅಕ್ಕನೇ ತಂದವು! ದೇವನೂರಿನ ಕಾಯಿ ರೈಲಿನಲ್ಲಿ ಅಜ್ಜಂಪುರ ನೋಡಿಕೊಂಡು ಮತ್ತೆ ದೇವನೂರಿಗೇ ಹೋಗುತ್ತಿತ್ತು. "ಅಮ್ಮ, ಇದ್ಯಾವ ಲೆಕ್ಕ?" ಎಂದು ನಾನು ನಗುತ್ತಿದ್ದೆ. "ಸುಮ್ಕಿರೋ, ತವರಿಂದ ಹೆಣ್ಮಕ್ಳು ಬರಿಗೈಲಿ ಎದ್ದೋಗ್ಬಾರ್ದು" ಎಂದು ಅಮ್ಮ ಗದರುತ್ತಿದ್ದಳು. ಅಕ್ಕ ಆ ಕಾಯಿಗಳನ್ನು, ಬೇರೆ ಯಾರದೋ ತೋಟದವೇನೋ ಎಂಬ ಹಾಗೆ, ಸೆರಗಿನಲ್ಲಿ ಜೋಪಾನ ಮಾಡಿಕೊಂಡು ಹೋಗುತ್ತಿದ್ದಳು.

ಮೊದಲು ಅಪ್ಪ ಹೋದರು, ಆಮೇಲೆ ಅಮ್ಮನೂ ಹೋದಳು. ಉಳಿದದ್ದು ಒಂದು ಫೋಟೋ ಆಲ್ಬಮ್ಮು, ಅದಕ್ಕೆ ಮೂರು ಜನ ಹಕ್ಕುದಾರರು. ಒಬ್ಬರು ಒಯ್ದರೆ ಇನ್ನಿಬ್ಬರ ಮುಖ ಊದಿಕೊಳ್ಳುತ್ತಿತ್ತು. ಆಗ ನನ್ನ ತಲೆ ಓಡಿತು. ಕಚೇರಿಯಲ್ಲಿ ಈಗ ಕಡತಗಳನ್ನೆಲ್ಲ ಇಂಟರ್ನೆಟ್ಟಿನ 'ಕ್ಲೌಡು' ಎಂಬ ಮೋಡದಲ್ಲಿಡುತ್ತೇವೆ. ಮೂರು ಮೇಜಿನವರು ಒಂದೇ ಕಡತವನ್ನು ಒಟ್ಟಿಗೇ ತೆರೆದುಕೊಂಡು ಕೂರುತ್ತೇವೆ. ಆ ವಿದ್ಯೆಯನ್ನು ಮನೆಗೆ ತಂದೆ. ಆಲ್ಬಮ್ಮಿನ ಫೋಟೋಗಳನ್ನೆಲ್ಲ ಏರಿಸಿದೆ. ಜೊತೆಗೆ ನನ್ನ ಫೋನಿನಲ್ಲಿದ್ದ ಅಮ್ಮನ ಒಂದು ಧ್ವನಿಯನ್ನೂ ಏರಿಸಿದೆ. ಅಮ್ಮ ಇನ್ನೂ ಗಟ್ಟಿಯಾಗಿದ್ದಾಗ ಒಂದು ಸಂಜೆ, "ಕ್ವಾರ್ಟರ್ಸಲ್ಲಿ ಕೂಗ್ತಿದ್ಯಲ್ಲ, ಹಂಗೆ ಒಂದ್ಸಲ ಕೂಗಮ್ಮ" ಎಂದು ಪೀಡಿಸಿ ಹಿಡಿದಿಟ್ಟದ್ದು. ಮೊದಲು ನಾಚಿಕೆಯ ನಗು, ಆಮೇಲೆ ಒಂದೇ ಉಸಿರಿಗೆ, "ಶಾರದಾ... ವಿಮಲಾ... ಲೇ ಪುಟ್ಟಾ, ಊಟಕ್ ಬರ್ರೋ!" ಅದಕ್ಕೆ 'ಅಮ್ಮನ ಕೂಗು' ಎಂದು ಹೆಸರಿಟ್ಟೆ. ಫೋಲ್ಡರಿಗೆ 'ತವರು' ಎಂದು ಹೆಸರು ಸೂಚಿಸಿದವಳು ವಿಮಲಕ್ಕ. ಮೂವರ ಗುಂಪು ಕರೆಯಲ್ಲಿ ನಾನು ಉದ್ಘಾಟನೆಯ ಭಾಷಣವನ್ನೂ ಮಾಡಿದೆ: "ಇನ್ಮೇಲೆ ಒಂದು ಫೋಟೋ ನೋಡೋಕೆ ಬಸ್ಸು ರೈಲು ಹತ್ತಿ ಒದ್ದಾಡೋದೇನೂ ಬೇಡ ಕಣ್ರೇ. ಎಲ್ಲಾ ಇಲ್ಲೇ ಇದೆ."

ಅವರು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ಇಬ್ಬರೂ ಬರುವುದನ್ನೇ ಬಿಟ್ಟರು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಕ್ಕಂದಿರು ಫೋಲ್ಡರಿಗೆ ಬರುತ್ತಿದ್ದರು. ನಾನು ರೈಲಿನ ಸದ್ದು ಕೇಳಿದಾಗಲೆಲ್ಲ ಗೇಟಿನ ಕಡೆ ನೋಡುತ್ತಿದ್ದೆ. ಮಡಿಲು ತುಂಬುವ ಮಣೆ ಗೋಡೆಗೆ ಒರಗಿಕೊಂಡೇ ಇತ್ತು. ಶಾರದಕ್ಕ ಮಾತ್ರ ಫೋಲ್ಡರಿಗೂ ಬರಿಗೈಲಿ ಬರುತ್ತಿರಲಿಲ್ಲ. ಬಂದಾಗಲೆಲ್ಲ ಏನಾದರೂ ಒಂದನ್ನು ಇಟ್ಟು ಹೋಗುತ್ತಿದ್ದಳು: ಹೊಂಬಾಳೆ ಬಿಟ್ಟ ತೆಂಗಿನ ಮರ, ಹೊಸ ಕರು, ಅಂಗಳದ ರಂಗೋಲಿ, ಬಿಸಿಲಿಗೆ ಹಾಕಿದ ಮೆಣಸಿನಕಾಯಿ. ಜಾಗ ತುಂಬುತ್ತಿದೆ, ಹೆಚ್ಚಿನ ಜಾಗ ಕೊಳ್ಳಿ ಎಂದು ಮೊಬೈಲು ಹೇಳತೊಡಗಿತು. ಅಜ್ಜಂಪುರದಲ್ಲೇ ಒಂದು ಸೈಟು ಕೊಳ್ಳಲಾಗದವನು ಆಕಾಶದಲ್ಲೆಲ್ಲಿ ಕೊಳ್ಳಲಿ?

ಇದರ ನಡುವೆ ಫೋಟೋಗಳು ಮಾಯವಾಗತೊಡಗಿದವು. ಡ್ಯಾಮಿನ ಮೇಲೆ ಅಪ್ಪ ಬೆಲ್‌ಬಾಟಮ್ ತೊಟ್ಟು ನಿಂತ ಫೋಟೋ ಮೊದಲು ಹೋಯಿತು. ಆಮೇಲೆ ಅಮ್ಮ ಒಲೆಯ ಮುಂದೆ ಕೂತದ್ದು. "ನಿಮ್ಮ ವಿಮಲಕ್ಕನೇ ಇರ್ಬೇಕು ಕಣ್ರೀ, ತಾನಿಲ್ಲದ ಫೋಟೋ ಯಾಕೆ ಅಂತ ಒಂದೊಂದೇ ಅಳಿಸ್ತಿದಾರೆ" ಎಂದಳು ಸುಮಿತ್ರ. "ನಿನ್ ಹೆಂಡ್ತಿ ಜಾಗ ಖಾಲಿ ಮಾಡ್ತಾ ಇದಾಳೆ ನೋಡ್ಕೊಳೋ" ಎಂದಳು ವಿಮಲಕ್ಕ. ಇಬ್ಬರಿಗೂ ಹೂಂಗುಟ್ಟಿ, ಇದು ಯಾವನೋ ಕಳ್ಳನ ಕೆಲಸವೆಂದು ನಾನು ನಂಬಿಕೊಂಡೆ. ಒಂದು ದಿನ 'ಅಮ್ಮನ ಕೂಗು' ಕೂಡ ಕಾಣಲಿಲ್ಲ. ನನ್ನ ಹಳೆಯ ಫೋನು ಯಾವಾಗಲೋ ಕೆಟ್ಟು ಹೋಗಿತ್ತು. ಅಮ್ಮನ ಧ್ವನಿ ಇದ್ದದ್ದು ಅದೊಂದೇ ಕಡೆ. ಗಾಬರಿಯಲ್ಲಿ ಸೆಟ್ಟಿಂಗ್ಸಿಗೆ ನುಗ್ಗಿ, ಯಾವುದನ್ನೋ ಒತ್ತಿ, ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ಬಾಗಿಲು ಹಾಕಿಬಿಟ್ಟೆ.

ಮರುದಿನ ಕಚೇರಿಯಲ್ಲಿ ಕೂತಿದ್ದಾಗ ಮೊಬೈಲಿಗೆ ಒಂದು ಸಂದೇಶ ಬಂತು. "ಶಾರದಾ ಅವರು 'ತವರು' ಪ್ರವೇಶಕ್ಕೆ ನಿಮ್ಮ ಅನುಮತಿ ಕೋರಿದ್ದಾರೆ." ಕೆಳಗೆ ಎರಡು ಗುಂಡಿ: ಅನುಮತಿಸಿ, ನಿರಾಕರಿಸಿ. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಅಕ್ಕ, ತವರಿನ ಬಾಗಿಲಲ್ಲಿ ನಿಂತು ಒಳಗೆ ಬರಲಾ ಎಂದು ನನ್ನನ್ನು ಕೇಳುತ್ತಿದ್ದಾಳೆ! ತಕ್ಷಣ ಅನುಮತಿಸಿದೆ. ಆದರೆ ಅವಳು ಬರಲಿಲ್ಲ. ಫೋನೂ ಎತ್ತಲಿಲ್ಲ. ವಿಮಲಕ್ಕ ಎತ್ತಿದಳು, ಎತ್ತಿ ಚೆನ್ನಾಗಿ ಬೈದಳು. ಅದು ನೆಮ್ಮದಿ ತಂದಿತು. ಬೈಯದೆ ಸುಮ್ಮನಿರುವ ಅಕ್ಕನನ್ನು ತಡೆದುಕೊಳ್ಳುವುದು ಬಲು ಕಷ್ಟ.

ಭಾನುವಾರ ನಾನೇ ದೇವನೂರಿಗೆ ಹೋದೆ. ಅಕ್ಕ ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತ ಅಂಗಳದಲ್ಲಿ ಕೂತಿದ್ದಳು.

"ಬಾರಪ್ಪಾ ಮಾಲೀಕ," ಎಂದಳು, ತಲೆ ಎತ್ತದೆ.

"ಅಕ್ಕಾ, ಅದು ಹಂಗಲ್ಲ. ಫೋಟೋ ಎಲ್ಲ ಮಾಯ ಆಗ್ತಿದ್ವು. ಅಮ್ಮನ ಕೂಗೂ ಹೋಯ್ತು. ಯಾವನೋ ಕಳ್ಳ ನುಗ್ಗವ್ನೆ ಅಂತ ಬಾಗ್ಲು ಹಾಕ್ದೆ."

"ಕಳ್ಳನೂ ಇಲ್ಲ ಗಿಳ್ಳನೂ ಇಲ್ಲ. ನಾನೇ ತಗಂಡಿದ್ದು."

"ನೀನಾ?"

"ಹೂಂ ಕಣೋ. ತವರಿಂದ ಬರಿಗೈಲಿ ಬರ್ಬಾರ್ದು ಅಂತ ಅಮ್ಮ ಹೇಳ್ತಿರ್ಲಿಲ್ವಾ? ಹೋದಾಗ್ಲೆಲ್ಲ ಒಂದು ಇಟ್ಟು, ಒಂದು ಎತ್ಕಂಡ್ ಬತ್ತಿದ್ದೆ. ಅಮ್ಮ ಇದ್ದಿದ್ರೆ ಅವ್ಳೇ ಕೊಡ್ತಿದ್ಲು. ನೀನು ಕೊಡ್ಲಿಲ್ಲ, ನಾನೇ ತಗಂಡೆ."

ಅಕ್ಕ ಎಲ್ಲವನ್ನೂ ತನ್ನ ಫೋನಿನ ಒಂದು ಫೋಲ್ಡರಿಗೆ ಸಾಗಿಸಿಟ್ಟುಕೊಂಡಿದ್ದಳು. ಅದರ ಹೆಸರು 'ಮಡಿಲು'. ನಕಲು ಮಾಡಿಕೊಂಡರೆ ಮೂಲ ಅಲ್ಲೇ ಉಳಿಯುತ್ತದೆ ಅಕ್ಕಾ, ಎರಡು ಸಲ ಒತ್ತಿದರೆ ಸಾಕು ಎಂದು ಹೇಳಲು ಬಾಯಿ ತೆರೆದೆ. ಅಕ್ಕನ ಮಡಿಲಿಗೆ ತೆಂಗಿನಕಾಯಿಯ ನಕಲು ಹಾಕಿ ಕಳಿಸುವ ತಮ್ಮ ಎಂಥವನು?

"ಅಮ್ಮನ್ ಕೂಗು ವಾಪಸ್ ಕೊಡ್ತೀನಿ ಬಿಡು," ಎಂದಳು ಅಕ್ಕ. "ಆದ್ರೆ ಫೋನಲ್ಲಿ ಅಲ್ಲ, ಬಂದೇ ಕೊಡ್ತೀನಿ. ನೀನು ಕರೀಬೇಕು ಅಷ್ಟೆ."

"ತಮ್ಮನ ಮನೆಗೆ ಬರೋಕೆ ಕರೀಬೇಕೇನೇ?"

"ಬಸ್ಸು ರೈಲು ಹತ್ತಿ ಒದ್ದಾಡ್ಬೇಡಿ ಅಂದೋನು ನೀನೇ ಅಲ್ವೇನೋ? ಅವತ್ತಿಂದ ಕಾಯ್ತಾ ಇದೀನಿ, ಇವತ್ ಕರೀತಾನೆ, ನಾಳೆ ಕರೀತಾನೆ ಅಂತ."

ನಾನು ಅಜ್ಜಂಪುರದಲ್ಲಿ ಕೂತು ಇವರ್ಯಾಕೆ ಬರುತ್ತಿಲ್ಲ ಎಂದು ಕಾಯುತ್ತಿದ್ದೆ. ಇವಳು ದೇವನೂರಿನಲ್ಲಿ ಕೂತು ಇವನ್ಯಾಕೆ ಕರೆಯುತ್ತಿಲ್ಲ ಎಂದು ಕಾಯುತ್ತಿದ್ದಳು. "ಬಾರೇ ಅಕ್ಕ," ಎಂದೆ.

ಮುಂದಿನ ಭಾನುವಾರ ಬಂದಳು. ತರೀಕೆರೆಯಿಂದ ವಿಮಲಕ್ಕನೂ ಬಸ್ಸಿನಲ್ಲಿ ಬಂದಿಳಿದಳು. ಎಲೆ ಹಾಕಿ ಆದ ಮೇಲೆ ಅಕ್ಕ ಫೋನನ್ನು ನಡುಮನೆಯ ಗೂಡಿನಲ್ಲಿಟ್ಟು ಒತ್ತಿದಳು. "ಶಾರದಾ... ವಿಮಲಾ... ಲೇ ಪುಟ್ಟಾ, ಊಟಕ್ ಬರ್ರೋ!" ಕೂಗಿಗೆ ಸರಿಯಾಗಿ ಮೂವರೂ ಎಲೆಯ ಮುಂದೆ ಕೂತಿದ್ದೆವು. ಎಷ್ಟೋ ಹೊತ್ತು ಯಾರೂ ಅನ್ನಕ್ಕೆ ಕೈ ಹಾಕಲಿಲ್ಲ. ಕೊನೆಗೆ ಸುಮಿತ್ರಳೇ, "ಅತ್ತೆ ಕರೆದದ್ದು ಊಟಕ್ಕೆ, ಅಳೋದಕ್ಕಲ್ಲ" ಎಂದು ಸಾರು ಬಡಿಸಿದಳು. ಸಂಜೆ ಅವಳೇ ಮಣೆ ಹಾಕಿ ಇಬ್ಬರ ಮಡಿಲನ್ನೂ ತುಂಬಿದಳು. ದೇವನೂರಿನ ಕಾಯಿಗಳು ಬಹಳ ದಿನಗಳ ಮೇಲೆ ಮತ್ತೆ ದೇವನೂರಿಗೆ ಹೊರಟವು.

'ಅಮ್ಮನ ಕೂಗು' ಈಗ ಫೋಲ್ಡರಿಗೆ ಮರಳಿತ್ತು. ನಾನು ಜಾಣನಾದರೆ ಅದರ ನಕಲು ಮಾಡಿ ಮೂವರಿಗೂ ಒಂದೊಂದು ಕೊಟ್ಟು ಕೈ ತೊಳೆದುಕೊಳ್ಳಬೇಕಿತ್ತು. ಮಾಡಲಿಲ್ಲ. ಒಂದಷ್ಟು ದಿನ ಎಲ್ಲವೂ ಸರಿಯಾಗಿತ್ತು. ಸರಿಯಾಗಿದ್ದುದರಿಂದ ಮತ್ತೆ ಯಾರೂ ಬರಲಿಲ್ಲ. ಕರೆಯೋಣವೆಂದರೆ, ಸುಮ್ಮಸುಮ್ಮನೆ ಕರೆಯುವುದಕ್ಕೆ ಗಂಡಸಿಗೆ ಅದೇನೋ ಸಂಕೋಚ. ಮೊನ್ನೆ ಶಾರದಕ್ಕನ ಫೋನು ಬಂತು.

"ಲೇ, ಅಮ್ಮನ್ ಕೂಗು ಕಾಣ್ತಿಲ್ವಲ್ಲೋ. ಈ ಸಲ ನಾನಂತೂ ಮುಟ್ಟಿಲ್ಲ."

"ಹೌದಾ?" ಎಂದೆ, ಆದಷ್ಟು ಗಾಬರಿಯ ದನಿಯಲ್ಲಿ. "ಎಲ್ಲೋಯ್ತೋ ಏನೋ! ಈ ಭಾನುವಾರ ಬಂದ್ಬಿಡು ಅಕ್ಕಾ, ಕೂತು ಹುಡುಕೋಣ."

ಅಕ್ಕ ನನ್ನ ಕಳ್ಳತನಗಳನ್ನೆಲ್ಲ ಚಿಕ್ಕಂದಿನಿಂದ ಕಂಡವಳು.

"ಬತ್ತೀನಿ," ಎಂದಳು. "ವಿಮ್ಲಂಗೂ ಹೇಳ್ತೀನಿ. ಅಲ್ಲೀವರ್ಗೂ ನೀನು ಹುಡುಕ್ಬೇಡ ಕಣೋ."